ಎರಡು ಬಿಳಿ ಗುರುತು

ನಮ್ಮ ಮಾವನವರ ಕಿವಿ ಕೆಟ್ಟಿಲ್ಲ. ಎಂದೂ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅವರು ಎರಡು ವರ್ಷ ನಂಬಿಕೊಂಡು ಕೂತದ್ದು ನನ್ನಿಂದ — ನಾನು ಆಡಿದ ಒಂದೇ ಒಂದು ಸುಳ್ಳಿನಿಂದ. ಮನೆಯಲ್ಲಿ ಇದನ್ನು ಒಪ್ಪಿಕೊಂಡಾಗಿದೆ. ಆದರೆ ಹೊಸಪೇಟೆಯ ನಮ್ಮ ಓಣಿಯಲ್ಲಿ ಅವರನ್ನು ಕಂಡು ಅಯ್ಯೋ ಪಾಪ ಎಂದವರು ಬಹಳ ಮಂದಿ. ಅವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಮಾವನವರು ಸಂಡೂರಿನ ಕಡೆ ಒಂದು ಗಣಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಯಂತ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಬರೀ ಕೇಳಿಯೇ ಹೇಳುವವರು. ಓಣಿಯವರು ಪಂಪು, ಫ್ಯಾನು, ಸ್ಕೂಟರು ಎಲ್ಲವನ್ನೂ ನಮ್ಮ ಕಟ್ಟೆಗೆ ತಂದು ಅವರ ಮುಂದೆ ಶುರು ಮಾಡುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ತವರಿನಿಂದ ತಂದ ಮಿಕ್ಸರ್ ಹಾಕಿದ್ದೇ ತಡ, ಪಡಸಾಲೆಯಲ್ಲಿ ಕೂತಲ್ಲಿಂದಲೇ “ಬೇರಿಂಗ್ ಹೊಂಟೈತಿ” ಅಂದರು. ತಿಂಗಳೊಳಗೆ ಹೋಯಿತು. ನನಗೆ ಸಿಟ್ಟು ಬಂದದ್ದು ಮಿಕ್ಸರ್ ಮೇಲಲ್ಲ, ಅವರ ಮೇಲೆ. ನಾನು ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ನನ್ನ ಮಿಕ್ಸರಿನ ಹಣೆಬರಹ ಇವರು ಹೇಳುವುದೇ ಅಂತ. ಆಗಿನಿಂದಲೇ ಒಂದು ಸಲವಾದರೂ ಆ ಕಿವಿಯನ್ನು ಸೋಲಿಸಬೇಕೆಂಬ ಆಸೆ ನನ್ನಲ್ಲಿತ್ತು.

ಆಮೇಲೆ ನಾನೂ ನನ್ನ ಯಜಮಾನರೂ ಹಿತ್ತಲಿನ ಶೆಡ್ಡಿನಲ್ಲಿ ಒಂದು ಸಣ್ಣ ಸಿಎನ್‌ಸಿ ಯಂತ್ರ ಕಟ್ಟಿದೆವು. ಕಂಪ್ಯೂಟರಿನಲ್ಲಿ ಗೆರೆ ಹಾಕಿಕೊಟ್ಟರೆ ಅದರಂತೆ ಮರ ಕೆತ್ತುತ್ತದೆ. ಬರೀ ಹವ್ಯಾಸ. ಹಂಪಿಯ ಗೆಸ್ಟ್‌ಹೌಸಿನವರು ಯಾರಾದರೂ ಕೇಳಿದರೆ ಬಾಗಿಲಿಗೆ ಹೆಸರಿನ ಹಲಗೆ ಮಾಡಿಕೊಡುವುದು, ಅಷ್ಟೇ. ಅದರಲ್ಲಿ ಮರ ಕೆತ್ತುವ ಅಲಗಿಗೆ ಬಿಟ್, ಅದನ್ನು ತಿರುಗಿಸುವ ಮೋಟಾರಿಗೆ ಸ್ಪಿಂಡಲ್ ಅನ್ನುತ್ತಾರೆ. ಬಿಟ್ ಮರವನ್ನು ಕಚ್ಚಿದ ಕೂಡಲೇ ಸ್ಪಿಂಡಲಿನ ವೇಗ ಬೀಳುತ್ತದೆ. ಬೀಳದ ಹಾಗೆ ಹಿಡಿದಿಡುವ ಸರ್ಕ್ಯೂಟ್ ಮಾಡಿದ್ದು ನಾನು! ಬಿಟ್ ಹಿಡಿದು ತಿರುಗುವ ನಟ್ಟಿಗೆ ಕಪ್ಪು ಬಳಿದು ಒಂದು ಬಿಳಿ ಗುರುತು ಅಂಟಿಸಿದೆ. ಎದುರಿಗೆ ಒಂದು ಸೆನ್ಸರ್. ಗುರುತು ಕಂಡಾಗಲೆಲ್ಲ ಅದು ಒಂದು ಸುತ್ತು ಎಂದು ಎಣಿಸುತ್ತದೆ. ಎಣಿಕೆ ಕಡಿಮೆಯಾದರೆ ಸರ್ಕ್ಯೂಟ್ ಮೋಟಾರಿಗೆ ಹೆಚ್ಚು ಕರೆಂಟ್ ಕೊಡುತ್ತದೆ. ಮುಂದೆ ಕೆಂಪು ಅಂಕಿಗಳ ಮೀಟರ್ ಬೇರೆ. ಅದು ಮೊದಲ ಸಲ ಬೆಳಗಿದಾಗ ನಾನು ಶೆಡ್ಡಿನಲ್ಲಿ ಒಬ್ಬಳೇ ಕುಣಿದಿದ್ದೇನೆ.

ಒಂದು ಭಾನುವಾರ ಎಲ್ಲರೆದುರು ತೋರಿಸಿದೆ. ಮರಿಯಮ್ಮನಹಳ್ಳಿಯಿಂದ ನಾದಿನಿಯ ಮನೆಯವರೂ ಬಂದಿದ್ದರು. ಒಂದು ಹಲಗೆ ಕೆತ್ತಲು ಹಾಕಿ, ವೇಗವನ್ನು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿಗೆ ಇಟ್ಟೆ. ಮೀಟರ್ ಹನ್ನೆರಡು ಸಾವಿರ ತೋರಿಸಿತು. ಮಾವನವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಇದು ಹನ್ನೆರಡು ಸಾವಿರ ಅಲ್ಲ ಗಿರಿಜವ್ವ. ಓಣಿ ತುದಿ ಟ್ರಾನ್ಸ್‌ಫಾರ್ಮರ್ ಹೆಂಗ ಗುಂಯ್ ಅಂತೈತಿ, ಇದೂ ಹಂಗ ಅನ್ನಾಕತ್ತೈತಿ. ಎರಡರ ದನಿ ಒಂದ. ಆರು ಸಾವಿರ ಐತಿ ನೋಡು. ಹಲಗಿ ಅಂಚೂ ಹರದಂಗ ಬರಾಕತ್ತೈತಿ.”

“ಮಾವಾ, ಮೀಟರಿಗೆ ವಯಸ್ಸಾಗಂಗಿಲ್ರಿ,” ಅಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು. ಆ ದಿನ ನನಗಾದ ಸಂತೋಷ — ಸುಳ್ಳು ಹೇಳಲಾರೆ, ಹೋಳಿಗೆ ತಿಂದದ್ದಕ್ಕಿಂತ ಹೆಚ್ಚಿತ್ತು.

ಮರುದಿನ ಬೆಳಿಗ್ಗೆ ನಟ್ಟು ಒರೆಸುವಾಗ ನೋಡುತ್ತೇನೆ, ಎರಡು ಬಿಳಿ ಗುರುತು! ಮೊದಲನೆಯದು ಸರಿಯಾಗಿ ಅಂಟಿಲ್ಲವೆಂದು ಹಿಂದಿನ ವಾರ ಆಚೆ ಬದಿಗೆ ಇನ್ನೊಂದು ಅಂಟಿಸಿದ್ದೆ. ಹಳೆಯದನ್ನು ಕೀಳಲು ಮರೆತಿದ್ದೆ. ಒಂದು ಸುತ್ತಿಗೆ ಎರಡು ಎಣಿಕೆ. ಹನ್ನೆರಡು ಅಂದರೆ ಆರು. ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ ನೂರು ಸಲ ಕಂಪಿಸುತ್ತದೆ, ನಿಮಿಷಕ್ಕೆ ಆರು ಸಾವಿರ ಸಲ — ನಾನು ಪರೀಕ್ಷೆಯಲ್ಲಿ ಬರೆದು ಪಾಸಾದ ಲೆಕ್ಕ. ಅವರು ಅದನ್ನು ಕಣ್ಣು ಮುಚ್ಚಿಕೊಂಡು ಹೇಳಿದ್ದರು.

ಹಳೆಯ ಗುರುತನ್ನು ಕಿತ್ತೆ. ಯಂತ್ರ ಹಾಕಿದೆ. ದನಿ ಏರಿತು, ಹಲಗೆಯ ಅಂಚು ಬೆಣ್ಣೆಯ ಹಾಗೆ ಬಂತು. ಅಷ್ಟರಲ್ಲಿ ಮಾವನವರು ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದರು. ಮೀಟರ್ ನೋಡಿದರು — ಅದೇ ಹನ್ನೆರಡು ಸಾವಿರ. ತಲೆ ಓರೆ ಮಾಡಿ ಕೇಳಿದರು.

“ನಿನ್ನೆ ಹಿಂಗ ಇರಲಿಲ್ಲಲ್ಲವ್ವ. ಏನಾರ ಬದಲಿ ಮಾಡೀಯೇನು?”

ಕಿತ್ತ ಗುರುತು ನನ್ನ ಹೆಬ್ಬೆರಳಿಗೇ ಅಂಟಿಕೊಂಡಿತ್ತು.

“ಏನೂ ಮಾಡಿಲ್ರಿ ಮಾವಾ.”

ಅದೇ ಯಂತ್ರ, ಅದೇ ಅಂಕಿ, ನಿನ್ನೆ ಒಂದು ದನಿ, ಇವತ್ತು ಇನ್ನೊಂದು. ಅವರಾದರೂ ಏನು ತಿಳಿದುಕೊಳ್ಳಬೇಕು? ಕಿವಿಯ ಹತ್ತಿರ ಎರಡು ಸಲ ಚಿಟಿಕೆ ಹೊಡೆದು ನೋಡಿಕೊಂಡು ಒಳಗೆ ಹೋದರು.

ಅಂದಿನಿಂದ ಯಾರು ಏನು ತಂದರೂ “ನನ್ನ ಕಿವಿ ನಂಬಬ್ಯಾಡ್ರಿ” ಅನ್ನತೊಡಗಿದರು. ಯಜಮಾನರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕಿವಿ ಚೆನ್ನಾಗಿದೆ ಅಂದರು ಡಾಕ್ಟರು. “ಅವ್ರಿಗೆ ಸ್ಪಿಂಡಲ್ ಏನ್ ಗೊತ್ತು?” ಅಂದರು ಮಾವನವರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಬಂದವರಿಗೆಲ್ಲ ನನ್ನ ಮೀಟರ್ ತೋರಿಸಿ, “ನನ್ನ ಕಿವಿಗಿಂತ ನಮ್ಮ ಸೊಸಿ ಮೀಟರ್ ಖರೆ” ಎಂದು ಹೊಗಳುತ್ತಿದ್ದರಲ್ಲ — ಆಗ ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆ ಸೇರುತ್ತಿದ್ದೆ. ನಾಳೆ ಹೇಳೋಣ, ಹಬ್ಬ ಮುಗಿಯಲಿ, ನಾದಿನಿ ಊರಿಗೆ ಹೋಗಲಿ... ಹೀಗೇ ಎರಡು ವರ್ಷ.

ಕಳೆದ ತಿಂಗಳು ಕಂಪ್ಲಿಯಿಂದ ಅವರ ಹಳೆಯ ಗೆಳೆಯರೊಬ್ಬರು ಬಂದರು. ರೈಸ್‌ಮಿಲ್ಲಿನವರು. ಮಿಲ್ಲಿನಲ್ಲಿ ಏನೋ ಸಪ್ಪಳ, ಯಾರಿಗೂ ತಿಳಿಯುತ್ತಿಲ್ಲ, ನೀನೇ ಬಂದು ಕೇಳು ಅಂದರು. ಮೊದಲಾಗಿದ್ದರೆ ಮಾತು ಮುಗಿಯುವುದರೊಳಗೆ ಮಾವನವರು ಕಾರಿನಲ್ಲಿ ಕೂತಿರುತ್ತಿದ್ದರು. ಈಗ ತಲೆ ಅಲ್ಲಾಡಿಸಿದರು. “ನಾ ಬಂದು ಏನ್ ಮಾಡ್ಲೊ? ನಮ್ಮ ಗಿರಿಜವ್ವನ್ನ ಕರಕೊಂಡು ಹೋಗು, ಮೀಟರ್ ತರತಾಳ.”

ಇನ್ನು ಆಗಲಿಲ್ಲ. ಚಹಾದ ತಟ್ಟೆ ಕೆಳಗಿಟ್ಟೆ.

“ಮಾವಾ, ಆವತ್ತು ನಟ್ಟಿಗೆ ಎರಡು ಗುರುತಿದ್ದುವ್ರಿ. ಮರುದಿನ ಒಂದು ಕಿತ್ತೆ. ನೀವು ಕೇಳಿದಾಗ ಇಲ್ಲ ಅಂದೆ.”

ಅವರ ಕೈ ಕಿವಿಯ ಹತ್ತಿರ ಹೋಯಿತು.

“ಅಂದ್ರ... ಆರು ಸಾವಿರಾನ ಇತ್ತು?”

“ಇತ್ತ್ರಿ.”

“ಟ್ರಾನ್ಸ್‌ಫಾರ್ಮರ್ ದನಿ?”

“ಅದ ದನಿ.”

ತೊಡೆ ತಟ್ಟಿಕೊಂಡು ನಕ್ಕರು ನೋಡಿ! ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಲೇ, ನನ್ನ ಕಿವಿ ಖರೇ ಇತ್ತಲೇ!” ಎಂದು ಗೆಳೆಯರ ಭುಜ ಹಿಡಿದು ಅಲುಗಾಡಿಸಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಗೆಳೆಯರದು ಹಾಕಿಕೊಂಡು ಕಂಪ್ಲಿಗೆ ಹೊರಟೇ ಬಿಟ್ಟರು. ಸಂಜೆ ಬಂದು, ಎಡಗಡೆಯ ಪುಲ್ಲಿಯ ಬೇರಿಂಗ್ ಹೋಗಿತ್ತೆಂದು ಮೂರು ಸಲ ಹೇಳಿದರು. ಊಟಕ್ಕೆ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡು ವರ್ಷ ಕಟ್ಟೆಯ ಮೇಲೆ ಕಿವಿ ಇದ್ದೂ ಇಲ್ಲದವರಂತೆ ಕೂತರಲ್ಲ — ಅದನ್ನು ಯಾವ ಸರ್ಕ್ಯೂಟಿನಿಂದ ತಿರುಗಿ ತರಲಿ?

ಈಗ ನಮ್ಮ ಶೆಡ್ಡಿನಲ್ಲಿ ಹೊಸ ಪದ್ಧತಿ. ಮೀಟರಿಗೆ ಟವೆಲ್ ಮುಚ್ಚಿ ಯಂತ್ರ ಹಾಕುತ್ತೇನೆ, ಅವರು ವೇಗ ಹೇಳುತ್ತಾರೆ, ಆಮೇಲೆ ಟವೆಲ್ ತೆಗೆಯುವುದು. ನೋಡಲು ಓಣಿಯ ಹೆಂಗಸರೂ ಬರುತ್ತಾರೆ. ನಿನ್ನೆ ಅವರು ಹತ್ತು ಸಾವಿರ ಅಂದರು. ಮೀಟರಿನಲ್ಲಿ ಹತ್ತು ಸಾವಿರದ ಮುನ್ನೂರು.

“ಈ ಸಲ ನಿಮ್ಮದ ತಪ್ಪ್ರಿ ಮಾವಾ,” ಅಂದೆ.

“ಗುರುತು ಎಣಿಸೀಯೇನು?”

ನಗುತ್ತಲೇ ಕೇಳಿದರು. ಪ್ರತಿ ಸಲವೂ ಕೇಳುತ್ತಾರೆ. ನಾನು ಮೋಟಾರು ನಿಲ್ಲಿಸಿ, ನಟ್ಟನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಅವರ ಕಣ್ಣೆದುರಿಗೇ ಎಣಿಸಿ ತೋರಿಸುತ್ತೇನೆ.