ಸೀನು ಬಿಡುವ ಪಾಲಪ್ಪ

ಮಹಾರಾಜರ ಕಾಲದ ಮಾತು. ಪಾಲಪ್ಪನಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಪರದೆಯದೇ. ಬರಗೂರಿನ ಹೊಲ ಬಿಟ್ಟು ಶಿರಾದ ನಾಟಕ ಕಂಪನಿ ಸೇರಿದವನು, ಪರದೆಯ ಹಗ್ಗ ಎಳೆಯುತ್ತಲೇ ವಿಂಗು, ಡ್ರಾಪು, ಸೀನು ಎಂಬ ಮಾತುಗಳನ್ನು ಕಲಿತ. ಈ ಸೀನಂತೂ ಬಲು ಮೋಸದ ಮಾತು. ಬಟ್ಟೆಯ ಮೇಲೆ ಬರೆದ ಕಾಡೂ ಸೀನೇ, ಆ ಕಾಡಿನಲ್ಲಿ ರಾಣಿ ಅಳುವ ಪ್ರಸಂಗವೂ ಸೀನೇ. "ಮೂರನೇ ಸೀನಿಗೆ ಅರಮನೆ ಸೀನು ಬುಡ್ಲಾ" ಎಂದು ಹಾರ್ಮೋನಿಯಂ ಮಾಸ್ತರು ಶಂಕರಲಿಂಗಪ್ಪ ಕೂಗಿದರೆ ಹೊಸಬರು ತಬ್ಬಿಬ್ಬಾಗುತ್ತಿದ್ದರು. ಹಿಂದೆ ಯಾವುದೋ ದೂರದ ದೇಶದಲ್ಲಿ ಅದಕ್ಕೆ ಡೇರೆ ಎಂಬ ಅರ್ಥವಿತ್ತಂತೆ, ಮಾಸ್ತರೇ ಹೇಳಿದ್ದರು. ಡೇರೆಯಲ್ಲೇ ಮಲಗುತ್ತಿದ್ದ ಪಾಲಪ್ಪನಿಗೆ ಅದೊಂದೇ ಸರಿಯೆನಿಸಿತ್ತು.

ಕಂಪನಿ ಬುಕ್ಕಾಪಟ್ಟಣದಲ್ಲಿ ಬೀಡುಬಿಟ್ಟಾಗ ಡೇರೆಗೆ ಮಜ್ಜಿಗೆ ತರುತ್ತಿದ್ದವಳು ಹೊನ್ನಕ್ಕ. ಕಂಡದ್ದನ್ನೆಲ್ಲ "ಇದುಕ್ಕೇನಂತಾರೆ?" ಎಂದು ಕೇಳುವಳು. ವಿಂಗೆಂದರೆ ಹಕ್ಕಿಯ ರೆಕ್ಕೆಯೂ ಹೌದೆಂದು ಅವನು ಹೇಳಿದ ದಿನ, ಪಕ್ಕದ ಪರದೆಗಳನ್ನು ನೋಡಿ, "ಅಂಗಾದ್ರೆ ನಿಮ್ಮ ಡೇರೆ ಒಂದಿನ ಹಾರೋಗ್ಬುಡ್ತದೆ" ಎಂದಳು. ನಗುತ್ತಾ ಹೇಳಿದವಳು ಮಜ್ಜಿಗೆಯ ಗಡಿಗೆಯನ್ನು ಅಲ್ಲೇ ಮರೆತು ಹೊರಟುಹೋದಳು. ಡೇರೆ ಕೀಳುವ ದಿನ ದೂರವಿಲ್ಲವೆಂದು ಪಾಲಪ್ಪನಿಗೂ ಗೊತ್ತಿತ್ತು. ಮರುದಿನವೇ ಮಾಸ್ತರನ್ನು ಕರೆದುಕೊಂಡು ಹೆಣ್ಣು ಕೇಳಲು ಹೊರಟ.

ಅವಳಪ್ಪ ಮೂಡಲಗಿರಿಯಪ್ಪ ಶಕುನ ನೋಡದೆ ನೇಗಿಲು ಹೂಡುವ ಮನುಷ್ಯನಲ್ಲ.

"ಏನ್ ಕೆಲ್ಸ ಮಾಡ್ತೀಯಪ್ಪಾ?"

"ಸೀನು ಬುಡ್ತೀನಿ."

"ಸೀನೋದುಕ್ಕೂ ಸಂಬ್ಳ ಕೊಡ್ತಾರೇನಯ್ಯಾ?"

ಮಾಸ್ತರು ಬಿಡಿಸಿ ಹೇಳುವಷ್ಟರಲ್ಲಿ ಮನೆಮಂದಿಯೆಲ್ಲ ಬಿದ್ದುಬಿದ್ದು ನಕ್ಕಿದ್ದರು. ಮುದುಕನೂ ಮೆತ್ತಗಾದ. "ಆಗ್ಲಿ ಬುಡಿ, ಹುಡ್ಗ ಒಳ್ಳೆಯೋನಂಗೆ ಕಾಣ್ತಾನೆ" ಎಂದು ವೀಳ್ಯದ ತಟ್ಟೆಗೆ ಕೈಹಾಕಿದ. ಅದೇ ಗಳಿಗೆಗೆ, ವರ್ಷಗಟ್ಟಲೆ ಪರದೆಯ ಬಣ್ಣದ ಧೂಳು ಕುಡಿದ ಪಾಲಪ್ಪನ ಹಾಳು ಮೂಗು ಕೈಕೊಟ್ಟಿತು. ಸೂರು ಅದುರುವಂತೆ ಸೀನಿಬಿಟ್ಟ.

ಒಂಟಿ ಸೀನು! ಮೂಡಲಗಿರಿಯಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. "ಬ್ಯಾಡ ಕಣಪ್ಪಾ, ದೇವ್ರೇ ಬ್ಯಾಡ ಅಂತಾವ್ನೆ."

ಜೋಡಿ ಸೀನಾದರೆ ದೋಷವಿಲ್ಲ. ಇನ್ನೊಂದಕ್ಕಾಗಿ ಪಾಲಪ್ಪ ಮೂಗು ತಿಕ್ಕಿದ, ಬಾಗಿಲ ಬಿಸಿಲು ದಿಟ್ಟಿಸಿದ. ಬೇಕೆಂದಾಗ ಬರುತ್ತದೆಯೇ ಅದು? ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಕೇಳಿಸಿತು: ಆಕ್ಷೀ!

"ಜೋಡಿಯಾತಲ್ಲ ಯಜಮಾನ್ರೇ" ಎಂದರು ಮಾಸ್ತರು. ಮುದುಕ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಒಂದೇ ಸೂರಿನಡಿಯ ಸೀನು ಜೋಡಿಯೇ ಎಂದು ಒಪ್ಪಿದ.

ಹೊನ್ನಕ್ಕ ಅಡುಗೆಮನೆಯಿಂದ ಬಂದು ವೀಳ್ಯದ ತಟ್ಟೆ ಎತ್ತಿಕೊಂಡಳು. ಕಣ್ಣು, ಮೂಗು ಕೆಂಪಗಾಗಿ ಕೆನ್ನೆಯ ಮೇಲೆ ನೀರು ಸುರಿಯುತ್ತಿತ್ತು. ಹುಟ್ಟಿದ ಮನೆ ಬಿಡಬೇಕಲ್ಲ ಎಂದು ಅಳುತ್ತಿದ್ದಾಳೆಂದುಕೊಂಡು ಅವಳವ್ವ ಸೆರಗಿನಿಂದ ಕಣ್ಣೊರೆಸಿದಳು. ವೀಳ್ಯ ಕೊಡಲು ಬಗ್ಗಿದಾಗ ಅವಳ ಬೆರಳ ಮೇಲೆ ಪಾಲಪ್ಪನ ಕಣ್ಣು ಬಿತ್ತು. ತುದಿಯಲ್ಲಿ ಖಾರದಪುಡಿ ಇನ್ನೂ ಮೆತ್ತಿಕೊಂಡಿತ್ತು.