ಕಾಕಾನ ಅಳತೆಯ ಶಿವದಾರ

ಮೊನ್ನೆ ಬೀದರಿನ ಪೇಟೆಯಲ್ಲಿ ಪೂಜಾ ಸಾಮಾನಿನ ಅಂಗಡಿಯ ಮುಂದೆ ನಿಂತಾಗ ಹೊಸ ವಿಭೂತಿ ಗಟ್ಟಿಗಳ ಒಣ ವಾಸನೆ ಮೂಗಿಗೆ ಬಡಿಯಿತು. ಎರಡು ಶಿವದಾರ ಕೇಳಿದೆ. ಇಷ್ಟಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ.

"ಮನ್ಯಾಗ ಎಷ್ಟ್ ಮಂದಿ ಅದೀರಿ, ಅಕ್ಕೋರ?" ಅಂದ ಅಂಗಡಿಯವನು.

"ನಾ ಒಬ್ಬಾಕಿನೇ," ಅಂದೆ.

ಅವನು ಒಮ್ಮೆ ನನ್ನ ಮುಖ ನೋಡಿ ಎರಡನ್ನೂ ಕಟ್ಟಿಕೊಟ್ಟ. ಮತ್ತೇನೂ ಕೇಳಲಿಲ್ಲ, ಪುಣ್ಯಾತ್ಮ. ಕೇಳಿದ್ದರೆ ಭಾಲ್ಕಿಯ ಮೌಶಿಯ ಕಥೆ ಹೇಳಬೇಕಾಗುತ್ತಿತ್ತು. ಅದು ಅಂಗಡಿ ಕಟ್ಟೆಯ ಮೇಲೆ ಹೇಳಿ ಮುಗಿಸುವಂಥದ್ದಲ್ಲ...

ಮೌಶಿ ಅಂದರೆ ನನ್ನ ಅವ್ವನ ತಂಗಿಯೇನಲ್ಲ. ಭಾಲ್ಕಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಮಕ್ಕಳಿರಲಿಲ್ಲ, ಹಾಗಾಗಿ ನಾನು ಅರ್ಧ ಅವಳ ಮನೆಯಲ್ಲೇ ಬೆಳೆದೆ. ಅವಳ ಗಂಡ ಔರಾದ ಕಡೆಯ ಡಾಬಕಾದವರು. ನಾವು ಕಾಕಾ ಅನ್ನುತ್ತಿದ್ದೆವು. ಮೊದಲು ಔರಾದ ರಸ್ತೆಯಲ್ಲಿ ಜೀಪು ಓಡಿಸುತ್ತಿದ್ದರು. ಮುಂಜಾನೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರ ಬಾಯಿಗೆ ಹನಿ ನೀರು ಹೋಗುತ್ತಿರಲಿಲ್ಲ. ಜೀಪಿನಲ್ಲಿ ಒತ್ತಿ ಕೂತ ಮಂದಿ, "ಕಾಕಾನ ಶಿವಪೂಜಿ ಮುಗಿಯೋ ತನಕ ಗಾಡಿ ಹೊಂಡಂಗಿಲ್ಲ ನೋಡ್ರಿ" ಅಂತ ಗೊಣಗುತ್ತಿದ್ದರು. ಗೊಣಗುತ್ತಲೇ ಕಾಯುತ್ತಿದ್ದರು.

ಆಮೇಲೆ ಕಾಕಾ ಪರದೇಶಕ್ಕೆ ಹೋದರು. ಅಲ್ಲಿಯ ನಮ್ಮ ರಾಯಭಾರ ಕಚೇರಿಯಲ್ಲಿ ಒಬ್ಬ ದೊಡ್ಡ ಸಾಹೇಬರ ಗಾಡಿಗೆ ಡ್ರೈವರ್ ಆದರು. ಎಳ್ಳ ಅಮಾವಾಸ್ಯೆಗೆ ರಜೆ ಸಿಕ್ಕರೆ ಬರುತ್ತಿದ್ದರು, ಮೌಶಿ ಕಾಳು, ಕಾಯಿಪಲ್ಲೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ ಉಣ್ಣಲಿಕ್ಕೆ.

ಆ ಸುದ್ದಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ನಮ್ಮ ಮನೆಯ ಟಿವಿಯ ಮುಂದೆ ಓಣಿಯೇ ಕೂತಿತ್ತು. ಉಗ್ರರು ನಮ್ಮ ದೇಶದ ಅಧಿಕಾರಿಯನ್ನು ದಾರಿಯಲ್ಲೇ ಗಾಡಿಯಿಂದ ಇಳಿಸಿ ಎಳೆದೊಯ್ದಿದ್ದರು. ಸಾಹೇಬರ ಫೋಟೊ ತೋರಿಸಿದರು, ಹೆಂಡತಿ ಅಳುವುದನ್ನು ತೋರಿಸಿದರು, ಅವರು ಕಲಿತ ಶಾಲೆಯನ್ನೂ ತೋರಿಸಿದರು. ಕೊನೆಗೆ ಒಂದು ಮಾತು: "ಅವರ ಚಾಲಕನೂ ಜೊತೆಗಿದ್ದ ಎನ್ನಲಾಗಿದೆ." ಅಷ್ಟೇ.

"ಡ್ರೈವರಗ ಹೆಸರ ಇರಂಗಿಲ್ಲೇನ?" ಅಂದಳು ಮೌಶಿ. ಅವ್ವ ಟಿವಿ ಆರಿಸಿದಳು.

ಆಮೇಲಿನ ದಿನಗಳು ಹೇಗೆ ಹೋದವೋ... ಸಾಹೇಬರು ಬಿಡುಗಡೆಯಾದರು ಅಂತ ಕೇಳಿದ ದಿನ ಮೌಶಿ ಮನೆಯ ಮುಂದೆ ನೀರು ಹೊಡೆದು ರಂಗೋಲಿ ಹಾಕಿದಳು. ಸಾಹೇಬರ ಹಿಂದೆ ಕಾಕಾನೂ ವಿಮಾನದಿಂದ ಇಳಿಯುತ್ತಾರೆ ಅಂತ ನಾವೆಲ್ಲ ತಿಳಿದಿದ್ದೆವು. ಇಳಿದವರು ಸಾಹೇಬರೊಬ್ಬರೇ.

ಕೆಲವು ತಿಂಗಳ ನಂತರ ಅವರೇ ಭಾಲ್ಕಿಗೆ ಬಂದರು. ಬಡಕಲಾಗಿದ್ದರು, ಕೊಟ್ಟ ಚಹಾ ಪಕ್ಕಕ್ಕಿಟ್ಟರು. ಉತ್ತರದ ಕಡೆಯವರು, ನಮ್ಮ ಆಚಾರ ಅವರಿಗೇನು ಗೊತ್ತು? ಜೇಬಿನಿಂದ ರೇಷ್ಮೆ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಕಾಕಾನ ಲಿಂಗ, ಅದನ್ನಿಡುವ ಬೆಳ್ಳಿಯ ಕರಡಿಗೆ, ಬೆವರಿಗೆ ಕಪ್ಪಾದ ಶಿವದಾರ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದರಂತೆ. ಬೇರೆ ಮಾಡುವ ದಿನ ಕಾಕಾ ಇದನ್ನು ಬಿಚ್ಚಿ ಸಾಹೇಬರ ಮುಷ್ಟಿಯೊಳಗೆ ತುರುಕಿ, ಮನೆಗೆ ಮುಟ್ಟಿಸಿ ಅಂದರಂತೆ. "ನನ್ನನ್ನು ಕಾಪಾಡಿದ್ದು ಇದೇ, ತಾಯಿ," ಅಂದರು ಸಾಹೇಬರು. ಸಮಾಧಾನದ ಮಾತು ಅಂತಲೇ ಅಂದದ್ದು.

ಮೌಶಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನಮ್ಮ ಬೀದರ್ ಹಿಂದಿಯಲ್ಲಿ, ಏರುದನಿಯಿಲ್ಲದೆ ಕೇಳಿದಳು. "ಇದು ನಿಮ್ಮನ್ನ ಕಾಯ್ತು. ಬರೇ ಎದಿಲೇ ಕುಂತ ಅವರನ್ನ ಯಾರ ಕಾಯಬೇಕ್ರಿ, ಸಾಹೇಬ್ರ?"

ಸಾಹೇಬರು ಎದ್ದು ಕೈ ಮುಗಿದರು. ಚಹಾ ಕಪ್ಪಿನಲ್ಲೇ ಉಳಿಯಿತು.

ಅವರು ಹೋದದ್ದೇ ತಡ, ಓಣಿಯ ಹಿರಿಯ ಹೆಂಗಸರು ಬಂದು ಕೂತರು. ಯಾಕೆ ಬಂದರು ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಲಿಂಗ ಮೈಮೇಲಿಂದ ದೂರವಾಗುವ ಹಾಗಿಲ್ಲ. ಮಣ್ಣಿಗೆ ಹೋಗುವಾಗಲೂ ಅಂಗೈಯಲ್ಲಿ ಅದೇ ಇರಬೇಕು. ಅವರ ಜೊತೆ ಬಂದಿದ್ದ ಮಠದ ಅಯ್ಯನವರು ಮೆಲ್ಲಗೆ ಹೇಳಿಯೂ ಬಿಟ್ಟರು: "ಜೀವ ಇದ್ದಾಂವ ಲಿಂಗ ಬಿಚ್ಚಂಗಿಲ್ಲ, ತಂಗಿ."

"ಬಿಚ್ಚಿಲ್ಲರಿ ಅಯ್ಯನೋರ, ಉಳಿಸ್ಯಾರ. ಅಲ್ಲಿ ಯಾರರೆ ಕಸಗೊಂಡ ಒಗದಾರಂತ ಮನಿಗಿ ಕಳಸ್ಯಾರ. ಬಂದು ಕಟ್ಟಿಕೊಳ್ತಾರ." ಮೌಶಿ ಹಸಿರು ಬಳೆಯ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಬಳಿಗಿ ಯಾರೂ ಕೈ ಹಚ್ಚಬ್ಯಾಡ್ರಿ."

ಅಂದಿನಿಂದ ದಿನಾ ಎರಡು ಪೂಜೆ. ಮೊದಲು ತನ್ನದು, ಆಮೇಲೆ ಕಾಕಾನದು. ಎರಡೂ ಮುಗಿಯುವವರೆಗೆ ಚಹಾ ಸಹ ಇಲ್ಲ. ಶ್ರಾವಣ ಬಂತೆಂದರೆ ಕಾಕಾನ ಬಿಳಿ ಅಂಗಿಯನ್ನು ಹಾಸಿಗೆಯ ಮೇಲೆ ಹರವಿ, ಕಾಲರಿನಿಂದ ಎದೆಯವರೆಗೆ ದಾರ ಹಿಡಿದು ಅಳೆದು ಹೊಸ ಶಿವದಾರ ಹಾಕುತ್ತಿದ್ದಳು. ಊರ ಬಾಯಿಗೆ ಮುಚ್ಚಳ ಎಲ್ಲಿಯದು? ತಲೆ ಕೆಟ್ಟಿದೆ ಅಂದರು. ಮೂರೂ ಬಿಟ್ಟವಳು ಅಂದರು. ನನಗೆ ಸಿಟ್ಟು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ.

ಒಮ್ಮೆ ಮಾತ್ರ... ಎಳ್ಳ ಅಮಾವಾಸ್ಯೆಯ ಮುಂಜಾನೆ ಭಜ್ಜಿ ತಿರುವುತ್ತಿದ್ದವಳು ಸೌಟು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಪೂಜಿ ಇಲ್ದ ಅವರ ಬಾಯಾಗ ನೀರ ಹೋಗಂಗಿಲ್ಲ. ಹೌದಿಲ್ಲೋ?"

ಲಿಂಗ ಇಲ್ಲಿ, ಪೂಜೆಯಿಲ್ಲದೆ ಕಾಕಾ ಅಲ್ಲಿ ಎಷ್ಟು ದಿನ ಉಳಿದಾರು? ಅವಳಿಗೆ ಎಲ್ಲ ಗೊತ್ತಿದೆ ಅಂತ ನನಗೆ ತಿಳಿದದ್ದು ಅವತ್ತು. ಅವಳು ಮತ್ತೆ ಒಲೆಯ ಕಡೆ ತಿರುಗಿ, "ಹುಣಸಿಹಣ್ಣ ಕಮ್ಮಿ ಬಿದ್ದದ," ಅಂದಳು.

ಕಡೆಗಾಲದಲ್ಲಿ ಅವಳನ್ನು ಬೀದರಿನ ದವಾಖಾನೆಗೆ ತಂದೆವು. ಆಗ ನಾನು ಇಲ್ಲೇ ಸಾಲಿಯಲ್ಲಿ ಟೀಚರ್. ಕರಡಿಗೆಯನ್ನು ನನ್ನ ಕೈಗೆ ಕೊಟ್ಟು ಅವಳು ಹೇಳಿದ್ದು ಇಷ್ಟೇ: "ನಂದು ನನ್ನ ಕೈಯಾಗ ಇಡ್ರಿ. ಅವರದು ಇಡಬ್ಯಾಡ್ರಿ, ಮಗಳ. ನನ್ನ ಜೋಡಿ ಅದನ್ನೂ ಹುಗದ್ರ ಅವರೂ ಹ್ವಾದಂಗ ಆಗ್ತದ."

ಭಾಲ್ಕಿಯಲ್ಲಿ ಅವಳನ್ನು ಗುಂಡಿಯೊಳಗೆ ಕೂರಿಸಿದಾಗ ಅಯ್ಯನವರು ನನ್ನತ್ತ ಕೈ ಚಾಚಿದರು. "ಕೊಡವ್ವ, ಗಂಡನ ಲಿಂಗಾನೂ ಜೋಡಿ ಇಡೋಣ. ಇಬ್ಬರೂ ಒಂದೇ ಕಡಿ ಆಗ್ಲಿ." ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಮುಷ್ಟಿ ಬಿಚ್ಚಲಿಲ್ಲ.

ಈಗ ಅದು ನನ್ನ ಮನೆಯ ದೇವರ ಜಗುಲಿಯ ಮೇಲಿದೆ. ನಾನೇನು ಅಂಥ ಭಕ್ತಳಲ್ಲ. ನನ್ನ ಪೂಜೆಯನ್ನಾದರೂ ಎಷ್ಟೋ ದಿನ ಗಡಿಬಿಡಿಯಲ್ಲಿ ಮುಗಿಸುತ್ತೇನೆ. ಕಾಕಾನದನ್ನು ಹಾಗೆ ಮುಗಿಸಲಿಕ್ಕೆ ಮನಸ್ಸು ಬರುವುದಿಲ್ಲ. ಕಾಕಾ ಬರುವುದಿಲ್ಲ, ಅದು ಗೊತ್ತು. ಯಾವ ಮಣ್ಣಿನಲ್ಲಿದ್ದಾರೋ, ಬರಿಗೈಯಲ್ಲಿ ಹೋದರಲ್ಲ. ಮೌಶಿಯೂ ಇಲ್ಲ. ನನ್ನ ನಂತರ ಇದು ಯಾರ ಕೈಗೋ...

ಅಂಗಡಿಯಿಂದ ಬಂದವಳು ಟ್ರಂಕಿನಿಂದ ಆ ಬಿಳಿ ಅಂಗಿ ತೆಗೆದು ಮಂಚದ ಮೇಲೆ ಹರವಿದೆ. ಕಾಲರಿನಿಂದ ಎದೆಯವರೆಗೆ ದಾರ ಹಿಡಿದು ಕತ್ತರಿಸಿದೆ. ಸ್ವಲ್ಪ ಉದ್ದವೇ ಆಯಿತು. ಇರಲಿ ಅಂತ ಬಿಟ್ಟೆ. ಇದ್ದಿದ್ದರೆ ಇಷ್ಟು ವರ್ಷಕ್ಕೆ ಕಾಕಾ ಮೈ ತುಂಬಿಕೊಂಡಿರುತ್ತಿದ್ದರು.