ಮುಚ್ಚಿದ ಖೋಲಿಯ ಎರಡು ಓಟು

ಮುಂಬಯಿಯ ಬೈಕುಲ್ಲಾದಲ್ಲಿ ನನ್ನದೊಂದು ಇದ್ದಿಲಿನ ವಖಾರಿ ಇತ್ತು. ಐವತ್ತರ ದಶಕದ ಮಾತು. ಗ್ಯಾಸ್ ಸಿಲಿಂಡರನ್ನು ನಮ್ಮ ಗಲ್ಲಿಯವರು ಇನ್ನೂ ಕಂಡಿರಲಿಲ್ಲ. ಚಾಳಿನ ಒಂದೊಂದು ಖೋಲಿಯಲ್ಲೂ ಇದ್ದಿಲು ಉರಿಸುವ ಶೇಗಡಿಯ ಮೇಲೆಯೇ ಅಡುಗೆ. ದೂರದ ಗಣಿಗಳಿಂದ ಬರುವ ಕಲ್ಲಿದ್ದಲು ಗಿರಣಿಗಳ ಪಾಲು. ನಾನು ಮಾರುತ್ತಿದ್ದದ್ದು ಠಾಣೆಯ ಆಚೆಯ ಕಾಡುಗಳಲ್ಲಿ ಮರ ಸುಟ್ಟು ಮಾಡಿದ ಇದ್ದಿಲು, ಇಲ್ಲಿಯದೇ ಮಾಲು. ಕೈಯಲ್ಲಿ ಹಿಡಿದರೆ ಹಗುರ, ತಟ್ಟಿದರೆ ಕಂಚಿನಂಥ ಸದ್ದು, ಹೊತ್ತಿಕೊಂಡ ಮೇಲೆ ಹೊಗೆಯ ಸುಳಿವಿಲ್ಲ. ಹೊಗೆಯಿಲ್ಲ ಎಂದು ಹೇಳಿಯೇ ನಾನು ಮಾರುತ್ತಿದ್ದೆ.

ಮುನ್ಸಿಪಾಲಿಟಿ ಚುನಾವಣೆಗೆ ನಿಲ್ಲುವ ಯೋಚನೆ ನನ್ನದಲ್ಲ. ಪಕ್ಕದಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲು. ನನ್ನ ದೊಡ್ಡ ಗಿರಾಕಿ ಅವರೇ, ಗೆಳೆಯರೂ ಅವರೇ. ಒಂದು ಬೆಳಿಗ್ಗೆ ಚಹಾದ ಗ್ಲಾಸು ನನ್ನ ಮುಂದಿಟ್ಟು, "ಈ ವಾರ್ಡಿನಲ್ಲಿ ಎಲ್ಲರ ಅಡುಗೆಮನೆ ನೋಡಿದವರು ನೀವೊಬ್ಬರೇ ಮಾರಾಯ್ರೆ. ಯಾರ ಮನೆಯಲ್ಲಿ ನೀರಿಲ್ಲ, ಯಾರ ಮನೆಯಲ್ಲಿ ಹುಷಾರಿಲ್ಲ, ಎಲ್ಲ ನಿಮಗೆ ಗೊತ್ತುಂಟು. ಈ ಸಲ ನೀವೇ ನಿಂತುಕೊಳ್ಳಿ," ಎಂದರು. ನಾನು ನಕ್ಕೆ. ಆದರೆ ಆ ಮಾತು ತಲೆಗೆ ಹೊಕ್ಕಿತು. ಕರಿ ಕೈಯವನು ಎಂದು ನನ್ನನ್ನು ಬಾಗಿಲಾಚೆಯೇ ನಿಲ್ಲಿಸುತ್ತಿದ್ದ ಜನ ನನ್ನ ಹೆಸರಿನ ಮುಂದೆ ಗುರುತು ಹಾಕುವುದನ್ನು ನೆನೆದರೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಕಾಗದಪತ್ರ ಆಯಿತು. ನನಗೆ ತಕ್ಕಡಿಯ ಗುರುತು ಸಿಕ್ಕಿತು. ಎದುರಾಳಿ ಬಟ್ಟೆ ಅಂಗಡಿಯವನು, ಮಾತುಗಾರ. ಗಿರಣಿಯ ಪಾಳಿ ಮುಗಿಸಿ ಬಂದ ನಾಲ್ಕು ಜನ ಗೆಳೆಯರು ಒಂದೇ ಸಂಜೆಯಲ್ಲಿ ನನ್ನ ಪೋಸ್ಟರುಗಳನ್ನು ಗಲ್ಲಿಯ ಗೋಡೆಗಳಿಗೂ ಚಾಳುಗಳ ಪಡಸಾಲೆಗಳಿಗೂ ಅಂಟಿಸಿ ಬಂದರು. ಮರುದಿನ ಎಲ್ಲಿ ನೋಡಿದರೂ ನನ್ನದೇ ತಕ್ಕಡಿ.

ಮೂರು ವಾರ ಮನೆಮನೆ ತಿರುಗಿದೆ. ದೊಡ್ಡ ಚಾಳಿನ ಎರಡನೇ ಮಾಳಿಗೆಯ ಹಿಂದಿನ ಖೋಲಿಗೆ ಹೋದದ್ದು ಆ ತಿರುಗಾಟದ ಕೊನೆಗೆ. ಅಲ್ಲಿ ವಿಜಾಪುರ ಕಡೆಯ ಒಬ್ಬ ವಯಸ್ಸಾದ ವಿಧವೆ ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು. ಶೇಂಗಾ ಹುರಿದು ಉಂಡೆ ಕಟ್ಟಿ, ಚಟ್ನಿಪುಡಿ ಕುಟ್ಟಿ ನಾಲ್ಕು ಮನೆಗೆ ಕೊಟ್ಟು ಬದುಕುತ್ತಿದ್ದರು. ಬಲು ಮಡಿ. ಒಲೆ ಹೊತ್ತಿಸಿದರೆ ಬಾಗಿಲು ಹಾಕಿ ಅಗಳಿ ಇಕ್ಕುತ್ತಿದ್ದರು. ಒಳಗಿನ ಕಿಟಕಿ ಗಟಾರದ ಕಡೆಗಿದ್ದುದರಿಂದ ಅದಕ್ಕೆ ಎಂದೋ ಹಲಗೆ ಬಡಿದು ಮುಚ್ಚಿದ್ದರು.

ಬಾಗಿಲು ತಟ್ಟಿದೆ. ಬಹಳ ಹೊತ್ತಿನ ಮೇಲೆ ನಾಲ್ಕು ಬೆರಳಷ್ಟು ತೆರೆಯಿತು. ಕಾಕು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು.

"ಸಣ್ಣ ದನೀಲೆ ಮಾತಾಡಪ್ಪಾ," ಎಂದರು. "ಅವರು ಈಗರೆ ಮಲಗ್ಯಾರ."

"ಯಾರ್ರೀ ಕಾಕು?"

"ಯಾರಂದ್ರ? ನಮ್ಮ ಮನಿಯವರು."

ಅವರ ಗಂಡ ಗಿರಣಿಯ ನೂಲುವ ಖಾತೆಯಲ್ಲಿ ಕಾರಕೂನರಾಗಿದ್ದವರು. ಎರಡು ವರ್ಷದ ಹಿಂದೆ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಬಾಗಿಲ ಸಂದಿಯಿಂದ ಒಳಗೆ ನೋಡಿದೆ. ಕೆಂಡದ ಬೆಳಕಿನಲ್ಲಿ ಎರಡು ತಾಟು ಕಂಡವು. ಒಂದರಲ್ಲಿ ಅನ್ನ ಹಾಗೆಯೇ ಇತ್ತು, ಪಕ್ಕದಲ್ಲಿ ನೀರಿನ ತಂಬಿಗೆ.

"ಹದಿನೈದು ಇಪ್ಪತ್ತು ದಿನಾ ಆತು, ದಿನಾ ಬರತಾರ," ಎಂದರು ಕಾಕು, ಊರಿಗೆ ಹೋಗಿದ್ದವರು ಬಂದ ಹಾಗೆ. "ನೀ ಓಟು ಕೇಳಲಿಕ್ಕೆ ಬಂದಿ ಹೌದಿಲ್ಲೊ? ನಂದೂ ನಿನಗ, ಅವರದೂ ನಿನಗ. ಹೋಗು ಇನ್ನ."

ವಖಾರಿಗೆ ಬಂದು ಮತದಾರರ ಪಟ್ಟಿ ತೆಗೆದೆ. ಕಾಕುವಿನ ಹೆಸರಿನ ಮೇಲೆಯೇ ಅವರ ಗಂಡನ ಹೆಸರಿತ್ತು, ಯಾರೂ ಹೊಡೆದುಹಾಕಿರಲಿಲ್ಲ. ಪ್ರಚಾರಕ್ಕೆ ಬಂದವರೊಬ್ಬರು, "ಇರಲಿ ಬಿಡ್ರಿ, ಆ ಓಟನ್ನ ಯಾರಾದರೂ ಹಾಕಿದರಾತು," ಎಂದರು. ನಾನು ಗದರಿಸಿದೆ. ಸತ್ತವರ ಓಟು ಬೇಡ ಎಂಬ ನ್ಯಾಯಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ನನಗೆ ಭಯವಾಗಿತ್ತು.

ಕಾಕುವಿನ ಗಂಡ ಬರುತ್ತಾರೆಂಬ ಮಾತು ಎರಡೇ ದಿನದಲ್ಲಿ ಇಡೀ ಚಾಳಿಗೆ ಹಬ್ಬಿತು. ಅಗಳಿ ಹಾಕಿದ ಬಾಗಿಲ ಹಿಂದೆ ಕಾಕು ಮಾತಾಡುವುದನ್ನು, ನಡುನಡುವೆ ಸುಮ್ಮನಾಗಿ ಉತ್ತರ ಕೇಳಿಸಿಕೊಳ್ಳುವುದನ್ನು ಅಕ್ಕಪಕ್ಕದವರೆಲ್ಲ ಕೇಳಿದ್ದರು. ಮೂರನೇ ದಿನ ಇನ್ನೊಂದು ಮಾತು ಹುಟ್ಟಿತು. ನನ್ನ ಇದ್ದಿಲು ಠಾಣೆಯ ಕಾಡಿನದಲ್ಲವಂತೆ, ಸ್ಮಶಾನದ್ದಂತೆ. ಚಿತೆಯಲ್ಲಿ ಉರಿದುಳಿದ ಕಟ್ಟಿಗೆಯನ್ನು ಆರಿಸಿ ತಂದು ಮಾರುತ್ತೇನಂತೆ. ಸತ್ತವರು ಆ ಕೆಂಡದ ಬೆನ್ನು ಹಿಡಿದು ಮನೆಗೆ ಬರುತ್ತಾರಂತೆ. ಬಟ್ಟೆ ಅಂಗಡಿಯವನ ಸಭೆಯಲ್ಲಿ ಇದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಅವನು ಬರೀ, "ನಿಮ್ಮ ಒಲೆಯಲ್ಲಿ ಏನು ಉರಿಯುತ್ತಿದೆ ನೋಡಿಕೊಳ್ಳಿ," ಎಂದು ಸುಮ್ಮನಾದನಂತೆ. ಅಷ್ಟು ಸಾಕಾಯಿತು. ಹತ್ತು ವರ್ಷದಿಂದ ಕೊಳ್ಳುತ್ತಿದ್ದ ಗಿರಾಕಿಗಳು ಚೀಲ ವಾಪಸು ತಂದು ವಖಾರಿಯ ಬಾಗಿಲಲ್ಲಿಟ್ಟು ಹೋದರು. ಒಬ್ಬಾಕೆ ಇಕ್ಕಳದಿಂದ ಹಿಡಿದು ತಂದಿದ್ದಳು.

ಮನೆಯಲ್ಲಿ ನನ್ನ ಹೆಂಡತಿ ಅದೇ ಇದ್ದಿಲಿನ ಮೇಲೆ ರೊಟ್ಟಿ ಸುಡುತ್ತಿದ್ದಳು. ನಾನು ಕೆಂಡವನ್ನೇ ನೋಡುತ್ತ ಕೂತಿದ್ದೆ. ಅದರ ಮೇಲೆ ನೀಲಿ ಉರಿ ತೆಳ್ಳಗೆ ಓಡಾಡುತ್ತಿತ್ತು.

"ಹಿಂಗ ಕೂತರ ಏನೂ ಆಗೂದಿಲ್ಲ," ಎಂದಳು. "ಆ ಕಾಕು ಅಡಿಗಿ ಮಾಡೂ ಹೊತ್ತಿಗೆ ಹೋಗಿ ಒಂದು ತಾಸು ಕೂಡ್ರಿ. ಏನೈತಿ ಏನಿಲ್ಲ ಕಣ್ಣಿಲೆ ನೋಡಿ ಬರ್ರಿ."

ಮರುದಿನ ಮಧ್ಯಾಹ್ನ ಹೋದೆ. ಸುಡು ಬಿಸಿಲು. ಪಡಸಾಲೆಯಲ್ಲಿ ಮಕ್ಕಳು ಆಡುತ್ತಿದ್ದರು. ಎಲ್ಲಿಯೂ ಹೆದರುವಂಥದೇನೂ ಇರಲಿಲ್ಲ. ಯಾವುದೋ ಮದುವೆ ಮನೆಗೆ ಉಂಡೆ ಕೊಡಬೇಕಾಗಿತ್ತೆಂದು ಕಾಕು ಅಂದು ದೊಡ್ಡ ಶೇಗಡಿ ಹೊತ್ತಿಸಿದ್ದರು. "ಮುಟ್ಟಬ್ಯಾಡ, ದೂರ ಕೂಡು," ಎಂದು ಬಾಗಿಲ ಬಳಿ ಮಣೆ ಕೊಟ್ಟು ಅಗಳಿ ಹಾಕಿದರು. ಅಷ್ಟೇ ಸಾಕು, ಹೊರಗಿನ ಬೆಳಕು ಕಡಿದು ಹೋಯಿತು.

ಮೊದಮೊದಲು ಶೇಂಗಾದ ವಾಸನೆ, ಬಾಣಲೆಯಲ್ಲಿ ಸಟ್ಟುಗದ ಸದ್ದು. ಕಾಕು ಊರಿನ ಸುದ್ದಿ ಹೇಳುತ್ತಿದ್ದರು. ಆಮೇಲೆ ನನ್ನ ತಲೆ ಭಾರವಾಗತೊಡಗಿತು. ಕಿವಿಯಲ್ಲಿ ದೂರದ ಗುಡಿಯ ಗಂಟೆಯಂಥ ನಾದ. ಮಕ್ಕಳ ಕೂಗು ಬಾವಿಯ ತಳದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಯಾವಾಗ ಸಟ್ಟುಗ ನಿಂತಿತೋ ತಿಳಿಯದು. ಕಾಕು ಮೂಲೆಯ ಕಡೆಗೆ ಮುಖ ತಿರುಗಿಸಿ, ಮೆಲ್ಲಗೆ, "ಬಂದ್ರೇನು? ಕೈಕಾಲು ತೊಳಕೋರಿ," ಎಂದರು.

ಆ ಮೂಲೆಯಲ್ಲಿ ಕೆಮ್ಮು ಕೇಳಿತು.

ಒಣ ಕೆಮ್ಮು, ಎರಡು ಸಲ, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು. ಹತ್ತಿಯ ಧೂಳು ಕುಡಿದ ಗಿರಣಿಯವರ ಕೆಮ್ಮು. ಬದುಕಿದ್ದಾಗ ವಖಾರಿಯ ಮುಂದೆ ನಿಂತು ಅವರು ಕೆಮ್ಮುತ್ತಿದ್ದದ್ದು ಹಾಗೆಯೇ. ಬಿಳಿಯ ಧೋತರದ ಅಂಚು ಕಂಡಿತು. ಗೋಡೆಗೆ ಆನಿಕೊಂಡು ಒಬ್ಬರು ಕೂತಿದ್ದರು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಯಾರಿಗೋ ಕಾಯುತ್ತಿದ್ದವರ ಹಾಗೆ. ಮುಖ ತಿರುಗಿಸುತ್ತಾರೆ ಎನಿಸಿತು. ಅದನ್ನು ನೋಡಬಾರದು ಎಂದು ನನ್ನ ಜೀವವೇ ಹೇಳಿತು. ಏಳಲು ಹೋಗಿ ಒಮ್ಮೆ ಕುಸಿದೆ. ಗೋಡೆ ಹಿಡಿದು, ಬಾಗಿಲು ಹಿಡಿದು, ಅಗಳಿಯನ್ನು ಹೇಗೋ ಜಗ್ಗಿ ಪಡಸಾಲೆಗೆ ಬೋರಲು ಬಿದ್ದೆ.

ಜನ ಓಡಿ ಬಂದರು. ಯಾರೋ ಮುಖಕ್ಕೆ ನೀರು ಹೊಡೆದರು. ಒಳಗೆ ಕಾಕು ಬಾಣಲೆಯ ಪಕ್ಕಕ್ಕೆ ಒರಗಿದ್ದರು. ಮಡಿ ಎಂದು ಹಿಂದೆಮುಂದೆ ನೋಡುತ್ತಿದ್ದ ಹೆಂಗಸರನ್ನು ಪಕ್ಕದ ಖೋಲಿಯ ಗಂಡಸೊಬ್ಬ ಸರಿಸಿ, ಅವರನ್ನು ಹೊರಗೆ ಎತ್ತಿ ತಂದ. ಮೂಲೆಯ ದವಾಖಾನೆಯ ಡಾಕ್ಟರು ಬರುವ ಹೊತ್ತಿಗೆ ಗಾಳಿಗೆ ಇಬ್ಬರೂ ಚೇತರಿಸಿಕೊಂಡಿದ್ದೆವು. ಅವರು ನನ್ನ ಕಣ್ಣು ನೋಡಿದರು, ಕಾಕುವಿನ ತುಟಿ ನೋಡಿದರು, ಒಳಗೆ ಇಣುಕಿ ಶೇಗಡಿ ನೋಡಿದರು.

"ಇದ್ದಿಲಿನ ಗಾಳಿ ಒಳಗೇ ತುಂಬಿಕೊಂಡಿದೆ. ಕಣ್ಣಿಗೂ ಕಾಣದು, ಮೂಗಿಗೂ ಗೊತ್ತಾಗದು," ಎಂದರು. "ದಿನಾ ಸ್ವಲ್ಪ ಕುಡಿದರೆ ತಲೆಯಲ್ಲಿ ಏನೇನೋ ಕಾಣುತ್ತದೆ, ಹೆಚ್ಚಾದರೆ ಏಳುವುದೇ ಇಲ್ಲ. ಈ ಖೋಲಿಗೆ ಗಾಳಿ ಎಲ್ಲಿಂದ ಬರುತ್ತದೆ?"

ಎಲ್ಲರೂ ಮೇಲೆ ನೋಡಿದರು. ಬಾಗಿಲ ಮೇಲೆ ಒಂದು ಮೊಳ ಅಗಲದ ಕಬ್ಬಿಣದ ಜಾಳಿ ಇತ್ತು. ಹೊರಗಾಳಿಗೆ ಅದೊಂದೇ ದಾರಿ. ಅದು ಕಾಣುತ್ತಿರಲಿಲ್ಲ. ಅದರ ತುಂಬ ನನ್ನ ಪೋಸ್ಟರು, ಅದರ ಮೇಲೆ ಬಟ್ಟೆ ಅಂಗಡಿಯವನದು, ಅದರ ಮೇಲೆ ಮತ್ತೆ ನನ್ನದು. ಗೋಧಿಹಿಟ್ಟಿನ ಅಂಟು ಒಣಗಿ ಹಲಗೆಯಂತಾಗಿತ್ತು. ನನ್ನ ತಕ್ಕಡಿಯನ್ನು ನಾನೇ ಸ್ಟೂಲು ಹತ್ತಿ ಉಗುರಿನಿಂದ ಕಿತ್ತೆ. ಕೊನೆಯ ಪದರ ಬಂದಾಗ ಒಳಗಿನ ಬಿಸಿಗಾಳಿ ಯಾರೋ ಉಸಿರು ಬಿಟ್ಟ ಹಾಗೆ ನನ್ನ ಮುಖಕ್ಕೆ ಬಡಿಯಿತು.

ಅಂದು ಸಂಜೆ ಹೋಟೆಲಿನ ಮಾಲೀಕರು ನನ್ನನ್ನು ಒಳಗೆ ಕರೆದು ಕೂರಿಸಿದರು. "ಸ್ಮಶಾನದ ಇದ್ದಿಲು ಅಂತ ಹೇಳಿದ್ದು ಸುಳ್ಳು, ಅದಕ್ಕೆ ಉತ್ತರ ಕೊಡಬಹುದು. ಇದು ನಿಜ ಮಾರಾಯ್ರೆ. ಇದನ್ನು ನೀವಾಗಿ ಹೇಳಿದರೆ ಮುಗಿಯಿತು. ಎಂಟು ದಿನ ಬಾಯಿ ಮುಚ್ಚಿಕೊಂಡಿರಿ."

ನನಗೂ ಹಾಗೆ ಇರುವ ಆಸೆಯಿತ್ತು. ಆದರೆ ಬೇರೆ ಚಾಳುಗಳಲ್ಲಿಯೂ ಬಾಗಿಲ ಮೇಲೆ ಜಾಳಿಗಳಿದ್ದವು. ಅಲ್ಲಿಯೂ ನಮ್ಮ ಗೆಳೆಯರು ಅಂಟು ಡಬ್ಬಿ ಹಿಡಿದು ಹೋಗಿದ್ದರು. ಮರುದಿನ ಬೆಳಿಗ್ಗೆಯಿಂದ ಸ್ಟೂಲು ಹೊತ್ತು ಒಂದೊಂದು ಮಾಳಿಗೆಯನ್ನೂ ಹತ್ತಿದೆ. ಕಿತ್ತ ಕಡೆಯಲ್ಲೆಲ್ಲ ನಿಂತು, "ನನ್ನ ಇದ್ದಿಲು ಮುಚ್ಚಿದ ಖೋಲಿಯಲ್ಲಿ ಜೀವ ತೆಗೆಯುತ್ತದೆ. ಬಾಗಿಲು ತೆರೆದಿಟ್ಟು ಉರಿಸಿರಿ," ಎಂದು ಹೇಳಿದೆ. ಕೆಲವರು ಕೈಮುಗಿದರು. ಹೆಚ್ಚಿನವರು ನನ್ನ ಮುಖವನ್ನೇ ನೋಡಿ ಹಿಂದೆ ಸರಿದರು. ಸತ್ತವರು ಕೆಂಡದ ಜೊತೆ ಬರುತ್ತಾರೆ ಎಂದು ನಂಬಿದ್ದವರಿಗೆ ನನ್ನ ಮಾತು ಅದಕ್ಕೆ ಸಾಕ್ಷಿಯಂತೆ ಕೇಳಿಸಿತು.

ಮತದಾನದ ದಿನ ನನ್ನ ಹೆಂಡತಿಯೇ ಕಾಕುವನ್ನು ಶಾಲೆಯ ಮತಗಟ್ಟೆಗೆ ಕರೆದುಕೊಂಡು ಹೋದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಪಟ್ಟಿ ಹಿಡಿದು ಕೂತಿದ್ದವರು ಕಾಕುವಿನ ಹೆಸರು ಹುಡುಕಿ, ಅದರ ಮೇಲಿನ ಸಾಲಿನ ಮೇಲೆ ಬೆರಳಿಟ್ಟು, "ನಿಮ್ಮ ಯಜಮಾನರು ಬೆಳಿಗ್ಗೆಯೇ ಬಂದು ಹಾಕಿ ಹೋದರಲ್ಲ," ಎಂದರಂತೆ. ನನ್ನ ಹೆಂಡತಿ ಗಾಬರಿಯಿಂದ ಕಾಕುವಿನ ಮುಖ ನೋಡಿದಳಂತೆ. ಕಾಕು ಮಾತ್ರ ಸೆರಗು ಸರಿಮಾಡಿಕೊಂಡು, "ಹೌದು, ಅವರಿಗೆ ಮೊದಲಿಂದ ಗಡಿಬಿಡಿ," ಎಂದರಂತೆ.

ಯಾರೋ ಕಳ್ಳ ಓಟು ಹಾಕಿರಬೇಕು. ಯಾರ ಕಡೆಯವರೋ, ಯಾರಿಗೆ ಹಾಕಿದರೋ ನನಗೆ ಎಂದೂ ತಿಳಿಯಲಿಲ್ಲ. ನಾನು ಸೋತೆ, ಚೆನ್ನಾಗಿಯೇ ಸೋತೆ. ಅದರ ದುಃಖ ಒಂದು ವಾರದಲ್ಲಿ ಇಳಿಯಿತು.

ಫಲಿತಾಂಶ ಬಂದ ಹದಿನೈದು ದಿನಕ್ಕೆ ಮಳೆ ಹಿಡಿಯಿತು. ಕಾಕುವಿಗೆ ಇದ್ದಿಲು ಹಾಕಲು ಹೋದಾಗ ಅಭ್ಯಾಸದಂತೆ ಕಣ್ಣು ಮೇಲೆ ಹೋಯಿತು. ಜಾಳಿಗೆ ಒಳಗಿನಿಂದ ಹಳೆಯ ಧೋತರವೊಂದನ್ನು ಮಡಚಿ ಒತ್ತೊತ್ತಾಗಿ ತುರುಕಲಾಗಿತ್ತು. ಬಾಗಿಲು ತಟ್ಟಿದೆ, ಬಡಿದೆ. ಕಾಕು ತೆರೆದರು. ಕಣ್ಣು ಕೆಂಪಾಗಿತ್ತು, ತೂರಾಡುತ್ತಿದ್ದರು.

"ಇದೇನ್ರೀ ಕಾಕು? ಡಾಕ್ಟರು ಹೇಳಿದ್ದು ಮರತ್ರೇನು?"

"ಮರತಿಲ್ಲ," ಎಂದರು. "ನೀ ಗಾಳಿ ಬಿಟ್ಟಿ, ಅವರು ಹೋದರು. ನನಗ ಗಾಳಿ ತಗೊಂಡು ಏನ ಮಾಡೂದೈತಪಾ?"

ಧೋತರವನ್ನು ಎಳೆದು ತೆಗೆದು ಅವರ ಕೈಗೆ ಕೊಟ್ಟೆ. ತಂದಿದ್ದ ಇದ್ದಿಲಿನ ಚೀಲವನ್ನು ತಿರುಗಿ ಹೊತ್ತುಕೊಂಡು ಹೋದೆ. ಮರುದಿನ ಸೀಮೆಎಣ್ಣೆಯ ಸ್ಟೋವು ತಂದಿಟ್ಟೆ. ಅಂದಿನಿಂದ ನನ್ನ ಹೆಂಡತಿ ಮಧ್ಯಾಹ್ನದ ಕೆಲಸ ಮುಗಿಸಿ ಅಲ್ಲಿಗೆ ಹೋಗತೊಡಗಿದಳು. ಮೊದಲು ಹೊಸ್ತಿಲ ಹೊರಗೆ ಕೂತಳು. ಒಂದು ತಿಂಗಳಿಗೆ ಒಳಗಿನ ಮಣೆ ಸಿಕ್ಕಿತು. ದೀಪಾವಳಿಯ ಹೊತ್ತಿಗೆ ಕಾಕು ಅವಳ ಕೈಗೆ ಉಂಡೆಯ ಹಿಟ್ಟನ್ನೇ ಕೊಟ್ಟರಂತೆ, ಮಡಿ ಗಿಡಿ ಏನನ್ನೂ ಎತ್ತದೆ.

ಹಾಗೆ ನಾಲ್ಕು ವರ್ಷ ನಡೆಯಿತು. ಒಂದು ಸಲ ಹೆಂಡತಿಯನ್ನು ಕರೆತರಲು ಹೋಗಿದ್ದವನು ಬಾಗಿಲಲ್ಲಿ ನಿಂತು, ಕೇಳಬಾರದೆಂದುಕೊಂಡೇ ಕೇಳಿಬಿಟ್ಟೆ, "ಕಾಕು, ಈಗ ಅವರು ಬರೂದಿಲ್ಲೇನ್ರೀ?"

ಕಾಕು ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಇಕಿ ಇಲ್ಲೇ ಕೂತಿರತಾಳಲ್ಲ, ಹೆಂಗ ಬರತಾರಪಾ?" ಎಂದರು. "ಹೆಣ್ಣುಮಕ್ಕಳು ಇದ್ದಲ್ಲೆ ಬರಲಿಕ್ಕೆ ಅವರಿಗೆ ಸಂಕೋಚ."